ತಕ್ಕಡಿ ತೂಗದ ಕುಸುರಿ

ಹಳೆಯ ಕಲ್ಲಿನ ಅಡ್ಡಿಗೆಯೊಂದು ಕೈಗೆ ಬಂದರೆ ಮೊದಲು ಅದನ್ನು ಮಗುಚಿ ಬೆನ್ನು ನೋಡಬೇಕು. ಮುಂಭಾಗದ ಕೆಂಪು, ಪಚ್ಚೆಗಳ ಹೊಳಪು ಎಲ್ಲರ ಕಣ್ಣಿಗೂ ಬೀಳುತ್ತದೆ. ಹಿಂಭಾಗದ ಚಿನ್ನದ ತಗಡು ಮಾತ್ರ ತೊಟ್ಟವಳ ಕತ್ತಿಗೆ ಒತ್ತಿಕೊಂಡೇ ಇರುವಂಥದ್ದು, ಅದನ್ನು ನೋಡುವವರಿಲ್ಲ. ಆದರೂ ಪಳಗಿದ ಕೈಯಿಂದ ಬಂದ ಒಡವೆಯಲ್ಲಿ ಆ ತಗಡಿನ ಮೇಲೂ ಬಳ್ಳಿ ಹಬ್ಬಿರುತ್ತದೆ, ಗಿಳಿ ಕೂತಿರುತ್ತದೆ, ಹೂವಿನ ಒಂದೊಂದು ಎಸಳೂ ಬಿಡಿಬಿಡಿಯಾಗಿ ಕಾಣುತ್ತದೆ. ನೋಡುವವರಿಲ್ಲದ ಕಡೆಯೂ ಕೈ ಬಿಗಿ ಹಿಡಿಯದ ಈ ಕೆಲಸವೇ ಹಳೆಯ ಒಡವೆಯ ನಿಜವಾದ ಬೆಲೆ ಎಂದು ನಾನು ನಂಬಿದ್ದೇನೆ.

ಆ ಅಡ್ಡಿಗೆ ಇವತ್ತು ಚಿನ್ನದಂಗಡಿಯ ಮೆಟ್ಟಿಲು ಹತ್ತಿದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಕಲ್ಲು ಕೀಳುತ್ತಾರೆ, ಅರಗು ಸುಡುತ್ತಾರೆ, ಉಳಿದ ಚಿನ್ನವನ್ನು ಮೂಸೆಯಲ್ಲಿ ಕರಗಿಸಿ ಕ್ಯಾರೆಟ್ ನೋಡಿ ಗ್ರಾಮಿನ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆ. ಅದರಲ್ಲಿ ಅಂಗಡಿಯವರ ಮೋಸವೇನೂ ಇಲ್ಲ, ತಕ್ಕಡಿಗೆ ಲೋಹ ಮಾತ್ರ ಗೊತ್ತು. ತಿಂಗಳುಗಟ್ಟಲೆ ಅಗ್ಗಿಷ್ಟಿಗೆಯ ಮುಂದೆ ಕೂತ ಒಬ್ಬ ಅಕ್ಕಸಾಲಿಗನ ಕಣ್ಣು, ಉಸಿರು, ಬೆರಳು ಆ ಲೆಕ್ಕದೊಳಗೆ ಬರುವುದಿಲ್ಲ. ಅರ್ಧ ಗಂಟೆಯಲ್ಲಿ ಕರಗಿಹೋಗುವ ಆ ಕೆಲಸದಲ್ಲಿ ಏನೇನಿತ್ತು ಎಂದು ತಿಳಿದುಕೊಂಡರೆ, ಮುಂದಿನ ಸಲ ಪೆಟ್ಟಿಗೆ ತೆರೆದಾಗ ನಮ್ಮ ಕೈ ಕೊಂಚ ತಡೆಯಬಹುದು.

ಬೆಂಕಿ ತಾಗದೆ ಕೂತ ಕಲ್ಲು

ಇಂದಿನ ಉಂಗುರದಲ್ಲಿ ಕಲ್ಲಿನ ತಲೆಯ ಮೇಲೆ ಬಗ್ಗಿಸಿದ ಪುಟ್ಟ ಪುಟ್ಟ ಚಿನ್ನದ ಮುಳ್ಳುಗಳು ಅದನ್ನು ಹಿಡಿದಿಡುತ್ತವೆ. ಹಳೆಯ ಅಡ್ಡಿಗೆ, ಜಡೆಬಿಲ್ಲೆ, ವಂಕಿಗಳಲ್ಲಿ ಆ ಕೆಲಸ ಕುಂದಣದ್ದು. ಬೇರೆ ಲೋಹದ ಸೋಂಕಿಲ್ಲದ ಅಪರಂಜಿಯನ್ನು ತೆಳ್ಳಗೆ ಬಡಿದು, ಕಿರಿದಾದ ಪಟ್ಟಿಗಳಾಗಿ ಕತ್ತರಿಸಿಕೊಳ್ಳುತ್ತಾರೆ. ಅಪ್ಪಟ ಚಿನ್ನಕ್ಕೆ ಒಂದು ವಿಶೇಷ ಗುಣವಿದೆ. ಗಾಳಿಗೆ ಒಡ್ಡಿದರೂ ಅದರ ಮೈಮೇಲೆ ಕಿಲುಬಿನ ಪದರ ಕಟ್ಟುವುದಿಲ್ಲ. ಹಾಗಾಗಿ ಎರಡು ಹಾಳೆಗಳನ್ನು ಗಟ್ಟಿಯಾಗಿ ಒತ್ತಿ ಉಜ್ಜಿದರೆ ಕಾಯಿಸದೆಯೇ ಅವು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕುಂದಣ ನಿಂತಿರುವುದು ಈ ಗುಣದ ಮೇಲೆ.

ಚಿನ್ನದ ಗೂಡಿನ ತಳಕ್ಕೆ ಅರಗು ತುಂಬಿ, ಅದರ ಮೇಲೆ ಬೆಳ್ಳಿಯ ತೆಳು ತಗಡೊಂದನ್ನು ಹಾಸಿ, ಮೇಲೆ ಕಲ್ಲನ್ನು ಕೂರಿಸುತ್ತಾರೆ. ಕಲ್ಲಿನೊಳಕ್ಕೆ ಹೋದ ಬೆಳಕು ಈ ತಗಡಿಗೆ ತಾಗಿ ಮರಳುವುದರಿಂದಲೇ ಹಳೆಯ ಕೆಂಪಿಗೆ ಒಳಗಿನಿಂದ ಉರಿಯುವ ಬಣ್ಣ. ಕೆಲವೊಮ್ಮೆ ತಗಡಿಗೂ ಬಣ್ಣ ಬಳಿದಿರುತ್ತಾರೆ. ಆಮೇಲೆ ಕಲ್ಲಿನ ಸುತ್ತ ಕುಂದಣದ ಪಟ್ಟಿಯನ್ನು ತುರುಕಿ, ಉಕ್ಕಿನ ಮೊನೆಯಿಂದ ಒತ್ತಿ, ಪದರದ ಮೇಲೆ ಪದರ ಕಟ್ಟುತ್ತ ಹೋಗುತ್ತಾರೆ. ಕೊನೆಗೆ ಅಂಚು ಕೆರೆದು ಹೊಳಪು ಕೊಟ್ಟರೆ ಕಲ್ಲಿನ ಸುತ್ತ ಚಿನ್ನ ತಾನಾಗಿ ಹರಿದು ನಿಂತ ಹಾಗೆ ಕಾಣುತ್ತದೆ. ಬೆಂಕಿಯ ಬಿಸಿಗೆ ಪಚ್ಚೆ ಸೀಳಬಹುದು, ತಗಡು ಕಪ್ಪಾಗಬಹುದು, ಅರಗು ಕರಗಬಹುದು. ಬಿಸಿಯಿಲ್ಲದ ಈ ವಿಧಾನದಲ್ಲಿ ಆ ಭಯವಿಲ್ಲ.

ಇನ್ನೊಂದು ಅನುಕೂಲವೂ ಇತ್ತು. ಹಿಂದೆ ಕಲ್ಲು ಉಜ್ಜುವವರು ಆದಷ್ಟು ತೂಕ ಉಳಿಸಿಕೊಂಡು, ಕಲ್ಲಿನ ಹುಟ್ಟು ಆಕಾರಕ್ಕೆ ಹೊಂದುವಂತೆ ಮೈ ನುಣುಪು ಮಾಡುತ್ತಿದ್ದರು. ಹೀಗಾಗಿ ಒಂದು ಕಲ್ಲಿನ ಹಾಗೆ ಇನ್ನೊಂದಿಲ್ಲ. ಕುಂದಣದವನು ಒಂದೊಂದು ಕಲ್ಲಿಗೂ ಅದರದೇ ಮನೆ ಕಟ್ಟುತ್ತಿದ್ದ. ಭೂತಗನ್ನಡಿ ಹಿಡಿದು ಹಳೆಯ ಪದಕವನ್ನು ನೋಡಿದರೆ ಎಡಗಡೆಯ ನವಿಲಿನ ಕಣ್ಣು ಬಲಗಡೆಯದಕ್ಕಿಂತ ಕೂದಲೆಳೆಯಷ್ಟು ಕಿರಿದಾಗಿರುವುದು ಕಾಣುತ್ತದೆ. ಯಂತ್ರದಲ್ಲಿ ಒಂದೇ ಅಳತೆಗೆ ಕತ್ತರಿಸಿದ ಕಲ್ಲುಗಳಲ್ಲಿ ಈ ವ್ಯತ್ಯಾಸ ಸಿಗುವುದಿಲ್ಲ. ಹಳೆಯ ಒಡವೆಗೆ ಜೀವಕಳೆ ಬರುವುದೇ ಅಲ್ಲಿಂದ.

ಅರಗಿನ ಲೆಕ್ಕ

ಹಳೆಯ ಒಡವೆ ಕರಗಿಸಿದವರ ಸಾಮಾನ್ಯ ದೂರೆಂದರೆ ‘ಒಳಗೆಲ್ಲ ಬರೀ ಅರಗು ತುಂಬಿತ್ತು’ ಎಂಬುದು. ಈ ದೂರಿನ ಹಿಂದೆ ಅಕ್ಕಸಾಲಿಗನ ಮೇಲಿನ ಹಳೆಯ ಗುಮಾನಿ ಇದೆ. ಆದರೆ ಅರಗು ಒಡವೆಯ ಕಟ್ಟಡದ ಭಾಗ. ಉತ್ತರ ಕರ್ನಾಟಕದ ಬೋರಮಾಳವನ್ನೇ ನೋಡಿ. ಬೋರೆಹಣ್ಣಿನ ಆಕಾರದ ಅದರ ಮಣಿಗಳು ತೆಳುವಾದ ಚಿನ್ನದ ಚಿಪ್ಪುಗಳು, ಒಳಗೆ ಅರಗು. ಕೊಡಗಿನ ಜೋಮಾಲೆಯ ಚಿನ್ನದ ಗುಂಡುಗಳೂ ಹೀಗೆಯೇ. ಗಟ್ಟಿ ಚಿನ್ನದಲ್ಲಿ ಮಾಡಿದ್ದರೆ ಅವನ್ನು ಕೊಳ್ಳುವ ಶಕ್ತಿ ಎಷ್ಟು ಮನೆಗಳಿಗಿತ್ತು, ಹೊರುವ ಶಕ್ತಿ ಎಷ್ಟು ಕೊರಳಿಗಿತ್ತು? ಒಳಗಿನ ಅರಗು ಚಿಪ್ಪು ನಜ್ಜಾಗದಂತೆ ತಡೆಯುತ್ತದೆ, ಪೋಣಿಸುವ ದಾರ ಚಿನ್ನದ ಅಂಚಿಗೆ ಉಜ್ಜಿ ತುಂಡಾಗದಂತೆ ಕಾಯುತ್ತದೆ.

ಅರಗನ್ನು ಯಾರೂ ಮುಚ್ಚಿಟ್ಟಿರಲೂ ಇಲ್ಲ. ಇದಕ್ಕೆ ಸಾವಿರ ವರ್ಷದ ಸಾಕ್ಷಿ ತಂಜಾವೂರಿನಲ್ಲಿದೆ. ಒಂದನೇ ರಾಜರಾಜ ಚೋಳ ಸುಮಾರು 1010ರಲ್ಲಿ ಪೂರ್ಣಗೊಳಿಸಿದ ಬೃಹದೀಶ್ವರ ದೇವಾಲಯದ ಗೋಡೆಗಳಲ್ಲಿ ದೇವರಿಗೆ ಕೊಟ್ಟ ಆಭರಣಗಳ ಪಟ್ಟಿಯನ್ನು ಕೊರೆಸಲಾಗಿದೆ. ಒಂದೊಂದರಲ್ಲೂ ಎಷ್ಟು ಮುತ್ತು, ಯಾವ ಬಗೆಯ ಮುತ್ತು, ಎಷ್ಟು ವಜ್ರ, ಎಷ್ಟು ಮಾಣಿಕ್ಯ, ಯಾವುದರಲ್ಲಿ ಏನು ದೋಷ ಎಂಬುದೆಲ್ಲ ಅಲ್ಲಿದೆ. ಅರಗು ಮತ್ತು ದಾರ ಸೇರಿದ ತೂಕ ಎಂದು ಬಿಡಿಸಿ ಬರೆದ ಒಡವೆಗಳೂ ಇವೆ. ಚಕ್ರವರ್ತಿ ಕೊಟ್ಟ ಒಡವೆಯ ಕಲ್ಲಿನ ಕಲೆಯನ್ನೂ ಶಾಸನದಲ್ಲಿ ಕೊರೆಸಿದ ಆ ನಿಷ್ಠುರ ಪ್ರಾಮಾಣಿಕತೆ ನನ್ನನ್ನು ಬೆರಗುಗೊಳಿಸುತ್ತದೆ.

ಜಡೆಗೆ ತಕ್ಕ ನಾಗರ, ಸೀಮೆಗೆ ತಕ್ಕ ಸರ

ಒಡವೆಯ ಚೆಲುವು ಕಲ್ಲು-ಚಿನ್ನಕ್ಕೆ ಮುಗಿಯುವುದಿಲ್ಲ. ಅದು ಮೈಯ ಮೇಲೆ ಹೇಗೆ ಕೂರುತ್ತದೆ ಎಂಬ ತಿಳಿವಳಿಕೆಯೂ ಕುಶಲತೆಯೇ. ಹಳೆಯ ಮೈಸೂರಿನ ಮದುವಣಗಿತ್ತಿಯ ಜಡೆಬಂಗಾರ ಇದಕ್ಕೆ ದೊಡ್ಡ ಉದಾಹರಣೆ. ನೆತ್ತಿಯ ಎರಡು ಬದಿಗೆ ಸೂರ್ಯ, ಚಂದ್ರ. ಹಿಂದಲೆಯಲ್ಲಿ ರಾಗಟೆ. ಅದರ ಕೆಳಗೆ ಹೆಡೆಯೆತ್ತಿದ ನಾಗರ. ಅಲ್ಲಿಂದ ಬಿಲ್ಲೆಯ ಕೆಳಗೆ ಬಿಲ್ಲೆ, ತುದಿಗೆ ಕುಚ್ಚು. ಜಡೆ ಕೆಳಕ್ಕೆ ಇಳಿದಂತೆ ಸಣ್ಣದಾಗುವುದರಿಂದ ಬಿಲ್ಲೆಗಳೂ ಒಂದಕ್ಕಿಂತ ಒಂದು ಕಿರಿದಾಗುತ್ತವೆ. ಹುಡುಗಿ ತಲೆ ತಿರುಗಿಸಿದರೆ ಇಡೀ ಸಾಲು ಜಡೆಯ ಜೊತೆಗೇ ಹೊರಳಬೇಕು, ಎಲ್ಲೂ ಸೆಟೆದು ನಿಲ್ಲಬಾರದು. ಬಿಡಿಬಿಡಿ ತುಂಡುಗಳನ್ನು ಹೀಗೆ ಮೈಗೆ ಬಳುಕುವಂತೆ ಕೂಡಿಸುವುದು ಕುಸುರಿಯಷ್ಟೇ ಕಷ್ಟದ ವಿದ್ಯೆ.

ಓಲೆಯ ತಿರುಪು ನೋಡಿದರೂ ಸಾಕು. ಹಳೆಯ ಓಲೆಗಳಲ್ಲಿ ತಿರುಪಿನ ಸುತ್ತುಗಳನ್ನು ಕೈಯಲ್ಲೇ ಕೊರೆಯುತ್ತಿದ್ದರು. ಹಾಗಾಗಿ ಎಡಗಿವಿಯ ತಿರುಪು ಬಲಗಿವಿಯ ಓಲೆಗೆ ಕೂರುವುದಿಲ್ಲ. ಸರದ ಕೊಂಡಿ, ಡಾಬಿನ ಮೊಳೆ, ಬಳೆಯ ಬಾಯಿ, ಹೀಗೆ ಹಳೆಯ ಕೆಲಸದಲ್ಲಿ ಜೋಡಣೆಯ ಜಾಗಗಳನ್ನು ನೋಡಿದರೆ ಅಕ್ಕಸಾಲಿಗನ ತಾಳ್ಮೆ ತಿಳಿಯುತ್ತದೆ.

ಅಲಂಕಾರಕ್ಕೆ ಹಚ್ಚಿದ ರವೆಯದೂ ಇದೇ ಕಥೆ. ಚಿನ್ನದ ತುಣುಕುಗಳನ್ನು ಇದ್ದಿಲಿನ ಮೇಲಿಟ್ಟು ಕಾಯಿಸಿದರೆ ಕರಗಿದ ಚಿನ್ನ ತಾನಾಗಿಯೇ ದುಂಡಗಾಗುತ್ತದೆ. ಸಾಸಿವೆಗಿಂತ ಸಣ್ಣ ಆ ಗುಂಡುಗಳನ್ನು ಅಳತೆಗೆ ತಕ್ಕಂತೆ ವಿಂಗಡಿಸಿ, ಒಂದೊಂದನ್ನೇ ಚಿಮುಟದಲ್ಲಿ ಎತ್ತಿಟ್ಟು, ಬಿಳಿಗಾರ ಹಚ್ಚಿ, ಊದುಗೊಳವೆಯಿಂದ ಜ್ವಾಲೆ ಊದಿ ಬೆಸೆಯಬೇಕು. ಉಸಿರು ಒಂದಿಷ್ಟು ಹೆಚ್ಚಾದರೆ ಇಡೀ ಸಾಲು ಕರಗಿ ಮುದ್ದೆಯಾಗುತ್ತದೆ.

ಕರ್ನಾಟಕದ ಒಂದೊಂದು ಸೀಮೆಯೂ ಈ ವಿದ್ಯೆಯನ್ನು ತನ್ನ ಬದುಕಿಗೆ ಹೊಂದಿಸಿಕೊಂಡಿತು. ಧಾರವಾಡ-ಬೆಳಗಾವಿ ಕಡೆಯ ಬುಗುಡಿ, ಪಾಟಲಿ, ಬಿಲ್ವಾರ, ಪುತಳಿ ಸರಗಳಲ್ಲಿ ಮರಾಠಿ ಸೀಮೆಯ ನಂಟು ಕಾಣುತ್ತದೆ. ಹಳೆಯ ಮೈಸೂರಿನ ಅಡ್ಡಿಗೆ, ಕಟ್ಟಾಣಿ, ನಾಗಮುರಿಗೆ, ಡಾಬುಗಳಿಗೆ ತಮಿಳು ಸೀಮೆಯ ಕಲ್ಲಿನ ಕೆಲಸದ ಬಳಕೆಯಿದೆ. ಕೊಡಗಿನ ಪತ್ತಾಕಿನಲ್ಲಿ ನಾಣ್ಯದ ಮೇಲೆ ನಾಗರಹೆಡೆ, ಕೊಕ್ಕೆತಾತಿಯಲ್ಲಿ ಮುತ್ತು ತೂಗುವ ಅರ್ಧಚಂದ್ರ. ಕರಾವಳಿಯಲ್ಲಿ ಹವಳ, ಕರಿಮಣಿ, ಮಲ್ಲಿಗೆ ಮೊಗ್ಗಿನ ಸರ. ಹಿಂದೆಲ್ಲ ಒಡವೆ ನೋಡಿದರೇ ಊರು, ಮನೆತನ ಗೊತ್ತಾಗುತ್ತಿತ್ತು. ಒಂದೇ ನಮೂನೆಯ ನೆಕ್ಲೆಸು ಬೀದರಿನಿಂದ ಮಂಗಳೂರಿನವರೆಗೆ ಮಾರಾಟವಾಗುವ ಈ ಕಾಲದಲ್ಲಿ ನಾವು ಕಳೆದುಕೊಂಡಿರುವುದು ಈ ವೈವಿಧ್ಯವನ್ನು.

ವಯಸ್ಸು ಹೇಳುವ ಗುರುತುಗಳು

ಹಳೆಯ ಒಡವೆ ತನ್ನ ವಯಸ್ಸನ್ನು ತಾನೇ ಹೇಳುತ್ತದೆ, ಕೇಳುವವರಿಗೆ ಕಣ್ಣಿರಬೇಕು ಅಷ್ಟೇ. ಕಾಸಿನ ಸರದಲ್ಲಿ ಇದು ಸುಲಭ. ಬ್ರಿಟಿಷ್ ಸವರನ್ನು 22 ಕ್ಯಾರೆಟ್ಟಿನದು, ತೂಕ 7.98 ಗ್ರಾಂ. ನಾವು ಇಂದಿಗೂ 8 ಗ್ರಾಮಿಗೆ ಒಂದು ಪವನು ಎನ್ನುವುದು ಅದರಿಂದಲೇ. ನಾಣ್ಯದಲ್ಲಿ ವಿಕ್ಟೋರಿಯಾ ರಾಣಿ ತಲೆಗೆ ಮುಸುಕು ಹೊದ್ದಿದ್ದರೆ ಅದು 1893 ಅಥವಾ ಅದರ ನಂತರದ್ದು. 1918ರಲ್ಲಿ ಮುಂಬೈ ಟಂಕಸಾಲೆಯಲ್ಲೂ ಸವರನ್ನು ಅಚ್ಚಾಯಿತು, ಇಸವಿಯ ಮೇಲೆ ಇಂಗ್ಲಿಷಿನ ಪುಟ್ಟ ‘ಐ’ ಅಕ್ಷರ ಅದರ ಗುರುತು. ನಾಣ್ಯದ ಇಸವಿಯೇ ಸರದ ಇಸವಿಯಾಗಬೇಕಿಲ್ಲ. ಸರ ಅದಕ್ಕಿಂತ ಹಿಂದಿನದಲ್ಲ ಎಂಬುದಷ್ಟೇ ಖಚಿತ.

ವಜ್ರದ ಓಲೆಯಲ್ಲಿ ನೋಡಬೇಕಾದದ್ದು ಕಲ್ಲಿನ ಕಟ್ಟು. 1720ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ವಜ್ರ ಸಿಗುವವರೆಗೂ ಜಗತ್ತಿನ ಹೆಚ್ಚುಕಡಿಮೆ ಎಲ್ಲ ವಜ್ರವೂ ಭಾರತದ್ದು. ಕೃಷ್ಣಾ ತೀರದ ಕೊಲ್ಲೂರಿನಂಥ ಗಣಿಗಳಿಂದ ಗೋಲ್ಕೊಂಡದ ಪೇಟೆಗೆ ಬಂದದ್ದು. 1867ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ವಜ್ರ ಕಾಣಿಸಿಕೊಂಡ ಮೇಲೆ ಅಲ್ಲಿನ ಕಲ್ಲುಗಳು ನಮ್ಮ ಏಳು ಕಲ್ಲಿನ ಓಲೆ, ಬೇಸರಿಗಳಿಗೂ ಬಂದು ಸೇರಿದವು. ವ್ಯಾಪಾರಿಗಳು ಇಂದಿಗೂ ನೀಲಿಛಾಯೆಯ ಒಳ್ಳೆಯ ವಜ್ರವನ್ನು ‘ಬ್ಲೂ ಜಾಗರ್’ ಎನ್ನುವುದು ಅಲ್ಲಿನ ಜಾಗರ್ಸ್‌ಫೊಂಟೈನ್ ಗಣಿಯ ನೆನಪಿನಲ್ಲಿ. ವಜ್ರವನ್ನು ಯಾವ ಅಳತೆಗೆ ಕಟ್ಟಿದರೆ ಬೆಳಕು ಪೂರಾ ಮರಳುತ್ತದೆ ಎಂದು ಮಾರ್ಸೆಲ್ ಟೋಲ್ಕೋವ್‌ಸ್ಕಿ ಗಣಿತದಿಂದ ತೋರಿಸಿದ್ದು 1919ರಲ್ಲಿ. ಅದಕ್ಕೂ ಹಿಂದಿನ ಕಟ್ಟಿನಲ್ಲಿ ನೆತ್ತಿ ಎತ್ತರ, ಮೇಲಿನ ಚಪ್ಪಟೆ ಮುಖ ಚಿಕ್ಕದು, ಕೆಳತುದಿಯನ್ನು ಮೊಂಡಾಗಿ ಕತ್ತರಿಸಿರುತ್ತಾರೆ. ಅವು ಇಂದಿನ ವಜ್ರದಂತೆ ಸಣ್ಣ ಸಣ್ಣ ಚೂರುಗಳಾಗಿ ಮಿನುಗುವುದಿಲ್ಲ. ದೀಪದ ಬೆಳಕಿನಲ್ಲಿ ನಿಧಾನವಾಗಿ, ಅಗಲವಾಗಿ, ಬಣ್ಣಬಣ್ಣವಾಗಿ ಹೊಳೆಯುತ್ತವೆ. ಇಂಥ ಕಲ್ಲನ್ನು ‘ಹೊಸ ಕಟ್ಟಿಂಗ್’ ಮಾಡಿಸಲು ಕೊಟ್ಟರೆ ತೂಕವೂ ಹೋಗುತ್ತದೆ, ಆ ಹೊಳಪೂ ಹೋಗುತ್ತದೆ.

ಕೆಂಪಿನ ವಿಷಯದಲ್ಲಿ ಎಚ್ಚರ ಬೇಕು. ಅಜ್ಜಿಯ ಒಡವೆಯ ಕೆಂಪೆಲ್ಲ ಬರ್ಮಾದ್ದು ಎಂಬ ನಂಬಿಕೆ ಮನೆಮನೆಯಲ್ಲಿದೆ. ಫ್ರಾನ್ಸಿನ ಆಗಸ್ಟ್ ವೆರ್ನೊಯಿ ಜ್ವಾಲೆಯಲ್ಲಿ ಮಾಣಿಕ್ಯ ತಯಾರಿಸುವ ವಿಧಾನವನ್ನು 1902ರಲ್ಲೇ ಪ್ರಕಟಿಸಿದ್ದ. ಆಮೇಲೆ ಮಾಡಿದ ಒಡವೆಗಳಲ್ಲಿ ಅಂಥ ಕಲ್ಲು ಸಾಕಷ್ಟು ಸೇರಿದೆ. ಸೂಕ್ಷ್ಮದರ್ಶಕದಲ್ಲಿ ಅದರೊಳಗೆ ಬಾಗಿದ ಗೆರೆಗಳೂ ಗಾಳಿಗುಳ್ಳೆಗಳೂ ಕಾಣುತ್ತವೆ. ಮುತ್ತಿನ ಕಥೆಯೂ ಹಾಗೆಯೇ. ಜಪಾನಿನ ಕೃಷಿ ಮುತ್ತು 1920ರ ದಶಕದಲ್ಲಿ ಮಾರುಕಟ್ಟೆಗೆ ಬರುವ ಮೊದಲು ಕೊಲ್ಲಿ ಸಮುದ್ರದ ಬಸ್ರಾ ಮುತ್ತಿನದೇ ದರ್ಬಾರು. ಹಳೆಯ ಮುತ್ತಿನ ಸರದಲ್ಲಿ ಮುತ್ತುಗಳು ಒಂದೇ ಸಮನಾಗಿ ದುಂಡಗಿಲ್ಲದಿದ್ದರೆ ಬೇಸರ ಬೇಡ, ಪರೀಕ್ಷೆ ಮಾಡಿಸಿ. ಅವು ಹುಟ್ಟು ಮುತ್ತುಗಳಿರಬಹುದು.

ಚಿನ್ನ ಕರಗಿತು, ಶಿಲೆ ಉಳಿಯಿತು

ಒಡವೆಯ ಹುಚ್ಚು ಇಷ್ಟೊಂದಿರುವ ನಾಡಿನಲ್ಲಿ ನಾಲ್ಕೈನೂರು ವರ್ಷ ಹಿಂದಿನ ಒಡವೆ ಯಾಕೆ ಇಷ್ಟು ಅಪರೂಪ? ಲೂಟಿ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಮನೆಯೊಳಗೇ ಇದೆ. ಪ್ರತಿ ತಲೆಮಾರೂ ಹಿಂದಿನವರ ಒಡವೆ ಅಳಿಸಿ ತನ್ನ ಕಾಲದ್ದನ್ನು ಮಾಡಿಸಿಕೊಂಡಿತು. ಮಗಳ ಮದುವೆಗೆ, ಆಸ್ತಿ ಪಾಲಿಗೆ, ಬರಗಾಲದ ಹೊಟ್ಟೆಗೆ ಚಿನ್ನ ಕರಗಿತು. ಕಷ್ಟಕ್ಕಾಗಲಿ ಎಂದೇ ಮಾಡಿಸಿದ ಒಡವೆ ಕಷ್ಟದಲ್ಲಿ ಕೈ ಹಿಡಿದರೆ ಅದಕ್ಕೆ ಕೊರಗಬೇಕಿಲ್ಲ. ಹೊಸ ನಮೂನೆಯ ಆಸೆಗೆ ಕರಗಿದ್ದು ಮಾತ್ರ ನಷ್ಟವೇ.

ಅರಮನೆ ಮತ್ತು ದೇವಸ್ಥಾನಗಳಲ್ಲಿ ಒಂದಿಷ್ಟು ಉಳಿಯಿತು, ಏಕೆಂದರೆ ದೇವರ ಒಡವೆ ಕರಗಿಸಲು ಯಾರಿಗೂ ಕೈ ಬರದು. ಮೇಲುಕೋಟೆಯ ವೈರಮುಡಿ ವರ್ಷವಿಡೀ ಮಂಡ್ಯದ ಖಜಾನೆಯ ಕಾವಲಿನಲ್ಲಿದ್ದು ಉತ್ಸವದ ರಾತ್ರಿ ಚೆಲುವನಾರಾಯಣನ ಮುಡಿಗೇರುತ್ತದೆ. ಅದೇ ದೇವರಿಗೆ ರಾಜ ಒಡೆಯರು ಕೊಟ್ಟ ರಾಜಮುಡಿ, ಮುಮ್ಮಡಿ ಕೃಷ್ಣರಾಜ ಒಡೆಯರು ಕೊಟ್ಟ ಕೃಷ್ಣರಾಜಮುಡಿಗಳೂ ಇವೆ. ಹೈದರಾಬಾದಿನ ನಿಜಾಮರ 173 ಒಡವೆಗಳನ್ನು ಭಾರತ ಸರ್ಕಾರ 1995ರಲ್ಲಿ ಸುಮಾರು 218 ಕೋಟಿ ರೂಪಾಯಿಗೆ ಕೊಂಡದ್ದರಿಂದ ಅವು ದೇಶದಲ್ಲೇ ಉಳಿದವು. ಜನಸಾಮಾನ್ಯರ ಒಡವೆಗೆ ಅಂಥ ಕಾವಲು ಸಿಗಲಿಲ್ಲ.

ಹಾಗಾಗಿ ಹೊಯ್ಸಳರ ಕಾಲದ ಒಡವೆ ನೋಡಬೇಕಾದರೆ ಬೇಲೂರಿಗೆ ಹೋಗಬೇಕು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಾಲಯದ ಮದನಿಕೆಯರ ಮೈಮೇಲೆ ಕಂಠಹಾರ, ತೋಳಬಂದಿ, ಕಟಿಸೂತ್ರ, ಕಾಲ್ಗೆಜ್ಜೆಗಳೆಲ್ಲ ಇವೆ. ಮಣಿ ಮಣಿಯ ನಡುವೆ ಬೆಳಕು ತೂರುವಂತೆ ಬಿಡಿಸಿದ್ದಾರೆ. ಅದೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ರತ್ನಪರೀಕ್ಷೆ, ಆಭರಣಗಳ ವಿವರಗಳಿವೆ. ಗ್ರಂಥ ಓದಿ, ಶಿಲ್ಪ ನೋಡಿ ಕಳೆದುಹೋದ ಚಿನ್ನವನ್ನು ಮನಸ್ಸಿನಲ್ಲೇ ಕಟ್ಟಿಕೊಳ್ಳಬೇಕು.

ಒಂದು ಸಂಗತಿ ನನ್ನನ್ನು ಸದಾ ಕಾಡುತ್ತದೆ. ಹೊಯ್ಸಳ ರೂವಾರಿಗಳು ತಾವು ಕಡೆದ ಶಿಲ್ಪದ ಅಡಿಯಲ್ಲಿ ಹೆಸರು ಕೊರೆದರು. ಬಳ್ಳಿಗಾವೆಯ ದಾಸೋಜ, ಮಲ್ಲಿತಮ್ಮರ ಹೆಸರು ನಮಗೆ ಗೊತ್ತಿರುವುದು ಅದರಿಂದ. ನಮ್ಮ ಅಕ್ಕಸಾಲಿಗರು ಸಾಮಾನ್ಯವಾಗಿ ಒಡವೆಯ ಮೇಲೆ ಹೆಸರು ಹಾಕಲಿಲ್ಲ. ಒಡವೆ ಕರಗಿದ ದಿನ ಆ ಮನುಷ್ಯ ಭೂಮಿಯ ಮೇಲೆ ಬಾಳಿದ್ದಕ್ಕೆ ಇದ್ದ ಒಂದೇ ಗುರುತೂ ಕರಗುತ್ತದೆ.

ಅಗ್ಗಿಷ್ಟಿಗೆ ಆರಿದ್ದು ಹೇಗೆ

ಈ ವಿದ್ಯೆಗೆ ದೊಡ್ಡ ಪೆಟ್ಟು ಬಿದ್ದದ್ದು 1963ರಲ್ಲಿ. ಚೀನಾ ಯುದ್ಧದ ಬೆನ್ನಲ್ಲೇ, ಮೊರಾರ್ಜಿ ದೇಸಾಯಿ ಹಣಕಾಸು ಮಂತ್ರಿಯಾಗಿದ್ದಾಗ ಬಂದ ಚಿನ್ನ ನಿಯಂತ್ರಣ ನಿಯಮಗಳು 14 ಕ್ಯಾರೆಟ್ ಮೀರಿದ ಒಡವೆ ಮಾಡುವುದನ್ನು ನಿಷೇಧಿಸಿದವು. ವಿದೇಶಿ ವಿನಿಮಯ ಉಳಿಸುವುದು ಸರ್ಕಾರದ ಉದ್ದೇಶವಾಗಿತ್ತು. ಆದರೆ 14 ಕ್ಯಾರೆಟ್ಟಿನ ಗಡುಸು ಚಿನ್ನ ಕುಸುರಿಗೆ ಒಗ್ಗುವುದಿಲ್ಲ, ನಮ್ಮ ಜನ ಅದನ್ನು ಚಿನ್ನವೆಂದು ಒಪ್ಪಲೂ ಇಲ್ಲ. ಅಕ್ಕಸಾಲಿಗರ ಮನೆಗಳಲ್ಲಿ ಕೆಲಸ ನಿಂತಿತು. ಕ್ಯಾರೆಟ್ಟಿನ ಮಿತಿ 1966ರಲ್ಲಿ ಹೋಯಿತು. 1968ರ ಚಿನ್ನ ನಿಯಂತ್ರಣ ಕಾಯ್ದೆ ಮಾತ್ರ ಪರವಾನಗಿ, ದಾಸ್ತಾನಿನ ಕಟ್ಟಳೆಗಳೊಂದಿಗೆ 1990ರವರೆಗೆ ಉಳಿಯಿತು. ಅಷ್ಟು ಹೊತ್ತಿಗೆ ಎಷ್ಟೋ ಮನೆಗಳ ಮಕ್ಕಳು ಬೇರೆ ದಾರಿ ಹಿಡಿದಿದ್ದರು.

ಆಮೇಲೆ ಬಂದದ್ದು ಎರಕದ ಯಂತ್ರ. ಕಂಪ್ಯೂಟರಿನಲ್ಲಿ ನಮೂನೆ ಬರೆದು, ಮೇಣದ ಅಚ್ಚು ತೆಗೆದು, ಚಿನ್ನ ಹೊಯ್ದರೆ ಒಂದೇ ದಿನದಲ್ಲಿ ನೂರಾರು ಪದಕ. ಅದು ತಪ್ಪಲ್ಲ, ಕಡಿಮೆ ಬೆಲೆಗೆ ಚೆಂದದ ಒಡವೆ ಸಿಗುವುದು ಒಳ್ಳೆಯದೇ. ಆದರೆ ಎರಕದ ಒಡವೆಯನ್ನು ಮತ್ತೆ ಬೇಕೆಂದಾಗ ಹೊಯ್ಯಬಹುದು. ಕೈಯಲ್ಲಿ ತಟ್ಟಿದ ಒಡವೆ ಹೋದರೆ ಹೋದಂತೆಯೇ.

ಕರಗಿಸುವ ಮೊದಲು

ಅಂಗಡಿಗಳಲ್ಲಿ ‘ಆಂಟಿಕ್’ ಎಂಬ ಚೀಟಿ ಅಂಟಿಸಿಕೊಂಡ ಒಡವೆಗಳಲ್ಲಿ ಹೆಚ್ಚಿನವು ಹೊಸವೇ. ಚಿನ್ನದ ಹೊಳಪು ತಗ್ಗಿಸಿ, ಸಂದುಗಳಿಗೆ ಕಪ್ಪು ಹಿಡಿಸಿ, ಹಳೆಯ ನೋಟ ಕೊಟ್ಟಿರುತ್ತಾರೆ. ಇಷ್ಟವಾದರೆ ಕೊಳ್ಳಿ, ಆದರೆ ಹಳೆಯದೆಂದು ಬಗೆದು ಹೆಚ್ಚು ಹಣ ಕೊಡಬೇಡಿ. ನಿಜವಾದ ಹಳೆಯ ಒಡವೆಯಲ್ಲಿ ಸವೆತ ಸಹಜವಾದ ಜಾಗದಲ್ಲಿರುತ್ತದೆ. ಕೊಂಡಿಯ ಒಳಬದಿ, ಬಳೆಯ ಹೊರ ಅಂಚು, ದಾರ ಉಜ್ಜುವ ತೂತಿನ ಬಾಯಿ ಸವೆದಿರುತ್ತವೆ, ಸಂದಿಗೊಂದಿಗಳು ಹರಿತವಾಗಿ ಉಳಿದಿರುತ್ತವೆ.

ಮನೆಯ ಹಳೆಯ ಒಡವೆಗೆ ಹಾಲ್‌ಮಾರ್ಕ್ ಇಲ್ಲವೆಂದು ಗಾಬರಿ ಬೇಡ. ನಮ್ಮಲ್ಲಿ ಚಿನ್ನದ ಹಾಲ್‌ಮಾರ್ಕ್ ಶುರುವಾದದ್ದೇ 2000ದಲ್ಲಿ, ಅಂಗಡಿಗಳಿಗೆ ಅದು ಹಂತಹಂತವಾಗಿ ಕಡ್ಡಾಯವಾದದ್ದು 2021ರಿಂದ. ಶುದ್ಧತೆ ತಿಳಿಯಬೇಕಿದ್ದರೆ ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸಬಹುದು. ಕಲ್ಲುಗಳಿಗೆ ರತ್ನ ಪರೀಕ್ಷಾಲಯವಿದೆ. ಇತಿಹಾಸದ ಮಹತ್ವವಿರುವ, ನೂರು ವರ್ಷ ದಾಟಿದ ವಸ್ತುಗಳು 1972ರ ಕಾಯ್ದೆಯ ಪ್ರಕಾರ ಪುರಾವಸ್ತುಗಳು, ಅವನ್ನು ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ ಎಂಬುದೂ ನೆನಪಿರಲಿ.

ಆರೈಕೆಗೂ ಕ್ರಮವಿದೆ. ಕಲ್ಲಿಲ್ಲದ ಬರಿ ಚಿನ್ನವನ್ನು ಅಂಟುವಾಳದ ನೊರೆಯಲ್ಲಿ ತೊಳೆಯಬಹುದು. ಕುಂದಣದ ಕಲ್ಲಿನ ಒಡವೆಯನ್ನು ಮಾತ್ರ ನೀರಿಗೆ ಹಾಕಲೇಬಾರದು, ನೀರು ಒಳಗಿಳಿದರೆ ಬೆಳ್ಳಿಯ ತಗಡು ಕಪ್ಪಾಗಿ ಕಲ್ಲು ಮಂಕಾಗುತ್ತದೆ. ಒಣ ಹತ್ತಿಬಟ್ಟೆಯಲ್ಲಿ ಒರೆಸಿದರೆ ಸಾಕು. ಮುತ್ತಿಗೆ ಸುಗಂಧ, ಬೆವರು ಆಗಿಬರುವುದಿಲ್ಲ. ದಾರ ಸಡಿಲವಾದ ಸರವನ್ನು ಮೆಷಿನ್ ಸರಪಳಿಗೆ ಬದಲಾಯಿಸದೆ, ಗೊತ್ತಿದ್ದವರ ಕೈಯಲ್ಲಿ ಮತ್ತೆ ಪೋಣಿಸಿ.

ಎಲ್ಲಕ್ಕಿಂತ ಮೊದಲು, ಹಿರಿಯರು ಇರುವಾಗಲೇ ಕೇಳಿ ಬರೆದಿಡಿ. ಇದು ಯಾರದು, ಯಾವ ಊರಿನಲ್ಲಿ, ಯಾರ ಕೈಯಲ್ಲಿ ಮಾಡಿಸಿದ್ದು? ಒಡವೆಯ ಎರಡೂ ಬದಿಯ ಫೋಟೊ ತೆಗೆದು ಜೊತೆಗಿಡಿ. ಎಷ್ಟೋ ಮನೆಗಳಲ್ಲಿ ಅಕ್ಕಸಾಲಿಗನ ಹೆಸರು ಉಳಿದಿರುವುದು ಅಜ್ಜಿಯೊಬ್ಬಳ ನೆನಪಿನಲ್ಲಿ ಮಾತ್ರ.

ಆಮೇಲೆ ತೊಟ್ಟುಕೊಳ್ಳಿ. ಲಾಕರಿನಲ್ಲಿ ಮುಚ್ಚಿಟ್ಟ ಒಡವೆಯ ಮೇಲೆ ಮಕ್ಕಳಿಗೆ ಮಮತೆ ಹುಟ್ಟುವುದಿಲ್ಲ, ಮಮತೆ ಇಲ್ಲದ್ದನ್ನು ಅವರು ಕರಗಿಸುತ್ತಾರೆ. ತೊಟ್ಟರೆ ತಿರುಪು ಸವೆಯುತ್ತದೆ, ಕಲ್ಲು ಅಲುಗುತ್ತದೆ, ಕೊಂಡಿ ಸಡಿಲವಾಗುತ್ತದೆ. ಆಗ ಊರಿನ ಹಳೆಯ ಪೇಟೆಯಲ್ಲಿ ಕುಂದಣ ಕೂರಿಸಬಲ್ಲ, ತಿರುಪು ಕೊರೆಯಬಲ್ಲ ಅಕ್ಕಸಾಲಿಗನನ್ನು ಹುಡುಕಿ ಅವನಿಗೇ ಕೆಲಸ ಕೊಡಿ, ಕೇಳಿದಷ್ಟು ಮಜೂರಿ ಕೊಡಿ. ಆ ಕೈಗಳಿಗೆ ಅನ್ನ ಸಿಕ್ಕರೆ ಮಾತ್ರ ಅವರ ಮಕ್ಕಳು ಅದೇ ಅಗ್ಗಿಷ್ಟಿಗೆಯ ಮುಂದೆ ಕೂರುತ್ತಾರೆ. ಒಂದು ಹಳೆಯ ಅಡ್ಡಿಗೆಯನ್ನು ರಿಪೇರಿ ಮಾಡಿಸಿದ ಮನೆ ಒಡವೆಯನ್ನೂ ಉಳಿಸಿಕೊಳ್ಳುತ್ತದೆ, ಅದನ್ನು ಮಾಡಬಲ್ಲ ವಿದ್ಯೆಯನ್ನೂ ಉಳಿಸುತ್ತದೆ.